ಕಡಲತೀರದ ನಗರದಲ್ಲಿ ಮಾರ್ಗದರ್ಶಕರೊಡನೆ ಸ್ಕೂಟರ್ ಪ್ರವಾಸವೋ, ಬಾಡಿಗೆ ಸ್ಕೂಟರೋ?

ಹಳೆಯ ಬಂದರುಗಳ ಸುತ್ತಲಿನ ಓಣಿಗಳು ಸಾಮಾನ್ಯವಾಗಿ ಇಕ್ಕಟ್ಟಾಗಿರುವುದರಿಂದ, ದಾರಿ ಬಲ್ಲ ಮಾರ್ಗದರ್ಶಕರ ಹಿಂದೆ ಸಾಲಾಗಿ ಸಾಗುವ ಪ್ರವಾಸವು ಹೊಸಬರ ಸಮಯವನ್ನು ಉಳಿಸುತ್ತದೆ. ಆದರೆ ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ಓಡಿಸುವವರ ವೇಗವೇ ಎಲ್ಲರ ವೇಗವಾಗುತ್ತದೆ ಮತ್ತು ಮೆಚ್ಚಿದ ಜಾಗದಲ್ಲಿ ಮನಸೋ ಇಚ್ಛೆ ನಿಲ್ಲುವಂತಿಲ್ಲ. ಬಾಡಿಗೆ ಸ್ಕೂಟರ್ ಆ ಸ್ವಾತಂತ್ರ್ಯವನ್ನು ಕೊಡುತ್ತದೆಯಾದರೂ, ರಸ್ತೆಗೆ ಹರಡಿದ ಮರಳಿನಲ್ಲಿ ಚಕ್ರ ಜಾರುವುದನ್ನೂ ತೆರೆದ ತೀರದಲ್ಲಿ ಬೀಸುವ ಅಡ್ಡಗಾಳಿಯನ್ನೂ ಒಬ್ಬರೇ ನಿಭಾಯಿಸಬೇಕಾಗುತ್ತದೆ. ಎರಡು ದಿನ ಇರುವವರು ಮೊದಲ ದಿನ ಪ್ರವಾಸವನ್ನೂ ಮರುದಿನ ಬಾಡಿಗೆಯನ್ನೂ ಆರಿಸುವುದು ನನ್ನ ದೃಷ್ಟಿಯಲ್ಲಿ ಲೇಸು.

ಪರದೇಶದಲ್ಲಾದರೆ, 1949 ಅಥವಾ 1968ರ ರಸ್ತೆ ಸಂಚಾರ ಕುರಿತ ದೇಶ-ದೇಶಗಳ ನಡುವಿನ ಒಪ್ಪಂದದಂತೆ ನೀಡಲಾಗುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯಲ್ಲಿ ದ್ವಿಚಕ್ರ ವಾಹನದ ವರ್ಗವೂ ಇದೆಯೇ ಎಂದು ನೋಡಿಕೊಳ್ಳಬೇಕು. ತಕ್ಕ ಪರವಾನಗಿಯಿಲ್ಲದೆ ಅಪಘಾತವಾದರೆ ಪ್ರಯಾಣ ವಿಮೆಯ ಪರಿಹಾರ ಸಾಮಾನ್ಯವಾಗಿ ದೊರೆಯುವುದಿಲ್ಲ. ಸವಾರಿ ಬಾರದವರು ಮಾರ್ಗದರ್ಶಕರ ಹಿಂಬದಿಯ ಸೀಟು ಸಿಗುವುದೇ ಎಂದು ಮೊದಲೇ ವಿಚಾರಿಸಬಹುದು.