ಔಟ್‌ಬೋರ್ಡ್ ಇಂಜಿನ್‌ಗೆ ಗಾಲಿ ಸ್ಟ್ಯಾಂಡ್: ನಾಲ್ಕು ಕ್ಯಾಸ್ಟರ್ ಬೇಡ, ಎರಡು ದೊಡ್ಡ ಗಾಲಿ ಸಾಕು

ದೋಣಿಯ ಹಿಂಬದಿಗೆ ಸಿಕ್ಕಿಸುವ, ಸುಮಾರು 40 ಕಿಲೋ ತೂಗುವ ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ) ಔಟ್‌ಬೋರ್ಡ್ ಇಂಜಿನ್‌ಗೆ ಮೂರು ಬಗೆಯ ಸ್ಟ್ಯಾಂಡ್ ಕಟ್ಟಿ ನೋಡಿದ್ದಾಯಿತು. ಒಂದು, ಕಬ್ಬಿಣದ ಚೌಕ ಪೈಪ್ ವೆಲ್ಡ್ ಮಾಡಿ ನಾಲ್ಕು ಮೂಲೆಗೂ ಕ್ಯಾಸ್ಟರ್, ಅಂದರೆ ತಳ್ಳಿದತ್ತ ತಿರುಗುವ ಪುಟ್ಟ ಗಾಲಿ, ಹಾಕಿದ್ದು. ಇನ್ನೊಂದು, ಮೂಟೆ ಸಾಗಿಸುವ ಟ್ರಾಲಿಗೆ ಇಂಜಿನ್ ಸಿಕ್ಕಿಸುವ ಹಲಗೆ ಬಿಗಿದದ್ದು. ಮತ್ತೊಂದು, ಮರದ ಚೌಕಟ್ಟಿನ ಒಂದು ತುದಿಗೆ ಎರಡು ದೊಡ್ಡ ಗಾಲಿ, ಇನ್ನೊಂದು ತುದಿಗೆ ಎರಡು ಕಾಲು ಕೊಟ್ಟದ್ದು. ಈಗ ಬಳಕೆಯಲ್ಲಿ ಉಳಿದಿರುವುದು ಈ ಮರದ್ದೊಂದೇ.

ಕಬ್ಬಿಣದ ಚೌಕಟ್ಟಿನಲ್ಲಿ ದೋಷವಿಲ್ಲ, ತೊಂದರೆಯೆಲ್ಲ ಕ್ಯಾಸ್ಟರ್‌ನದು. ನಿಂತಲ್ಲಿ ಅದು ಗೊತ್ತಾಗುವುದಿಲ್ಲ, ತಳ್ಳಿದಾಗ ಗೊತ್ತಾಗುತ್ತದೆ. ತಿರುಗುವ ಕ್ಯಾಸ್ಟರ್‌ನ ಚಕ್ರ ನೆಲ ಮುಟ್ಟುವ ಜಾಗ ಅದರ ಬೋಲ್ಟಿನ ನೇರ ಕೆಳಗೆ ಇರುವುದಿಲ್ಲ, ಒಂದಿಂಚಿನಷ್ಟು ಆಚೆ ಇರುತ್ತದೆ. ಸ್ಟ್ಯಾಂಡನ್ನು ಬಲಕ್ಕೆ ತಳ್ಳಿ. ಚಕ್ರಗಳೆಲ್ಲ ತಿರುಗಿ ಎಡಕ್ಕೆ ಸರಿದು ನಿಲ್ಲುತ್ತವೆ. ಅಂದರೆ ಬಲಗಡೆಯ ಆಸರೆ ಅಷ್ಟು ಒಳಕ್ಕೆ ಬಂತು. ಅದೇ ಹೊತ್ತಿಗೆ ಚಕ್ರ ಕಾಂಕ್ರೀಟಿನ ಬಿರುಕಿಗೋ ಜಲ್ಲಿ ಕಲ್ಲಿಗೋ ಸಿಕ್ಕರೆ ಕೆಳಗಡೆ ಗಪ್ಪನೆ ನಿಲ್ಲುತ್ತದೆ, ಮೇಲಿನ ಭಾರ ಮುಂದಕ್ಕೆ ಹೋಗುತ್ತದೆ. ಬೀಳುವುದು ಆಸರೆ ಕಮ್ಮಿಯಾದ ಆ ಬದಿಗೇ.

ಇಂಜಿನ್‌ನ ತೂಕವೆಲ್ಲ ತಲೆಯಲ್ಲಿ, ನೆಲದಿಂದ ಮುಕ್ಕಾಲು ಮೀಟರಿಗೂ ಮೇಲೆ. ಸಾಲದ್ದಕ್ಕೆ ಹಲಗೆಯಿಂದ ಒಂದು ಗೇಣು ಹಿಂದೆ ತೂಗಿಕೊಂಡಿರುತ್ತದೆ. ದೊಡ್ಡ ಕ್ಯಾಸ್ಟರ್ ಹಾಕಿದರೆ ಬಿರುಕು ದಾಟುತ್ತದೆ ನಿಜ, ಆದರೆ ಆಸರೆ ಒಳಸರಿಯುವ ಅಳತೆಯೂ ಹೆಚ್ಚುತ್ತದೆ. ಬ್ರೇಕ್ ಇರುವ ಕ್ಯಾಸ್ಟರ್‌ನಲ್ಲೂ ಎಷ್ಟೋ ಸಲ ಚಕ್ರ ಮಾತ್ರ ಲಾಕ್ ಆಗುತ್ತದೆ, ಕುತ್ತಿಗೆ ತಿರುಗುತ್ತಲೇ ಇರುತ್ತದೆ. ಸ್ಟಾರ್ಟರ್ ಹಗ್ಗ ಎಳೆದರೆ ಇಡೀ ಸ್ಟ್ಯಾಂಡ್ ಎಳೆದವರ ಕಡೆಗೆ ಬರುತ್ತದೆ. ನುಣುಪು ನೆಲದ ಶೆಡ್ಡಿನೊಳಗೆ ಅತ್ತಿತ್ತ ಸರಿಸುವುದಷ್ಟೇ ಕೆಲಸವಾದರೆ ಕ್ಯಾಸ್ಟರ್ ಸಾಕು.

ಟ್ರಾಲಿ ಅರ್ಧ ಗಂಟೆಯಲ್ಲಿ ತಯಾರಾಗುತ್ತದೆ. ಆದರೆ ಅದರ ಕೆಳತಟ್ಟೆ ಗಿಡ್ಡ, ಇಂಜಿನ್ ಹೊತ್ತು ನಿಲ್ಲಿಸಿದರೆ ಮುಂದಕ್ಕೆ ವಾಲುತ್ತದೆ. ಅಡಿಯಲ್ಲಿ ಎರಡು ಉದ್ದ ಪಟ್ಟಿ ಕೊಡಲೇಬೇಕು. ದೋಣಿ ತಿರುಗಿಸುವ ಟಿಲ್ಲರ್ ಹಿಡಿಯನ್ನು ಮಡಚದಿದ್ದರೆ ಅದು ತಳ್ಳುವವರ ಹೊಟ್ಟೆಗೆ ತಾಗುತ್ತದೆ. ಹತ್ತಿಪ್ಪತ್ತು ಕಿಲೋದ ಪುಟ್ಟ ಇಂಜಿನ್‌ಗೆ ಇದೇ ಹಗುರ.

ಮರದ್ದರ ಅಳತೆ ಹೀಗೆ. ತಳದ ಎರಡು ಉದ್ದ ಪಟ್ಟಿ 900 ಮಿ.ಮೀ., ನಡುವೆ 400 ಮಿ.ಮೀ. ತೆರವು, ಇಂಜಿನ್ ಓಡಿಸಿ ನೋಡುವಾಗ ಅದರ ಕಾಲು ಮುಳುಗಿಸುವ ನೀರಿನ ಬಕೆಟ್ ಅಲ್ಲಿ ಕೂರಬೇಕು. ಕಂಬಗಳು ಕಾಲಿನ ತುದಿಯಿಂದ 300 ಮಿ.ಮೀ. ದೂರದಲ್ಲಿ, ಗಾಲಿಯ ಅಚ್ಚು ಕಂಬದಿಂದ 550 ಮಿ.ಮೀ. ಹಿಂದೆ. ಅಚ್ಚನ್ನು ಕಂಬದ ಹತ್ತಿರ ತರಬೇಡಿ: ಕಾಲು ಎತ್ತಿದಾಗ ಇಂಜಿನ್‌ನ ತಲೆ ಹಿಂದಕ್ಕೆ ವಾಲುತ್ತದೆ, ಭಾರ ಅಚ್ಚನ್ನು ದಾಟಿದರೆ ಹಿಡಿಯುವುದು ಕಷ್ಟ. ಅಚ್ಚಿನಿಂದ 850 ಮಿ.ಮೀ. ದೂರದ ಕಾಲನ್ನು 100 ಮಿ.ಮೀ. ಎತ್ತಿದರೆ, ನೆಲದಿಂದ ಸುಮಾರು 900 ಮಿ.ಮೀ. ಎತ್ತರದಲ್ಲಿರುವ ಭಾರ 90 ಮಿ.ಮೀ.ನಷ್ಟು ಹಿಂದೆ ಸರಿಯುತ್ತದೆ. 250 ಮಿ.ಮೀ. ಗಾಲಿ ಜಲ್ಲಿಯಲ್ಲೂ ಉರುಳುತ್ತದೆ. ಕಾಲಿನ ಕಡೆ ಹಿಡಿಯನ್ನು 300 ಮಿ.ಮೀ. ಮುಂದೆ ಚಾಚಿದರೆ ಎತ್ತುವ ಭಾರ ಇಳಿಯುತ್ತದೆ.

ಕ್ಲ್ಯಾಂಪ್ ಕಚ್ಚುವ ಹಲಗೆಗೆ 18 ಮಿ.ಮೀ. ಮರೈನ್ ಪ್ಲೈವುಡ್ ಎರಡು ಪದರ ಅಂಟಿಸಿ, ಅಂಚಿಗೆಲ್ಲ ಎಪಾಕ್ಸಿ ಬಳಿಯಿರಿ. ಮೇಲಂಚು ನೆಲದಿಂದ 800 ಮಿ.ಮೀ.; ಲಾಂಗ್ ಶಾಫ್ಟ್ ಆದರೆ ಇನ್ನೂ 5 ಇಂಚು ಸೇರಿಸಿ. ಕಂಬಗಳ ನಡುವಿನ ಅಡ್ಡಪಟ್ಟಿಯನ್ನು ಕೆಳಗೆ ಕೊಟ್ಟರೆ ಇಂಜಿನ್‌ನ ಕಾಲು ಅದಕ್ಕೆ ತಾಗುತ್ತದೆ, ಹಲಗೆಯ ಬೆನ್ನಿಗೇ ಕೊಡಿ. ಕೀಲುಗಳಿಗೆ ಮರದ ಸ್ಕ್ರೂ ಬೇಡ, 10 ಮಿ.ಮೀ. ಬೋಲ್ಟ್, ಎರಡೂ ಕಡೆ ಅಗಲ ವಾಷರ್. ಕಂಬಕ್ಕೂ ತಳಕ್ಕೂ ಓರೆ ಆಸರೆ ಇರಲೇಬೇಕು.

ವೆಲ್ಡಿಂಗ್ ಯಂತ್ರವಿಲ್ಲದವರಿಗೆ, ಇಂಜಿನನ್ನು ಶೆಡ್ಡಿನಿಂದ ನೀರಿನವರೆಗೆ ಒಬ್ಬರೇ ಒಯ್ಯುವವರಿಗೆ ನಾನು ಹೇಳುವುದು ಇದನ್ನೇ. ಇಂಜಿನ್ ಕೂರಿಸಿದ ಮರುದಿನ ಕ್ಲ್ಯಾಂಪ್ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿಯಿರಿ. ರಾತ್ರಿ ಕಳೆಯುವಷ್ಟರಲ್ಲಿ ಪ್ಲೈವುಡ್ ಕೊಂಚ ಅದುಮಿಕೊಂಡಿರುತ್ತದೆ, ಹಿಡಿ ಇನ್ನೂ ಕಾಲು ಸುತ್ತು ಬರುತ್ತದೆ.