ಬೆರಳು ಚುಚ್ಚುವ ಮೆಷಿನ್, ತೋಳಿನ ಸೆನ್ಸರ್, ಮೂರು ತಿಂಗಳ ಟೆಸ್ಟ್: ಶುಗರ್ ಇದ್ದವರು ಯಾವುದಕ್ಕೆ ದುಡ್ಡು ಹಾಕಬೇಕು?

ನನ್ನದು ಟೈಪ್ 2 ಶುಗರ್. ಮೆಟ್‌ಫಾರ್ಮಿನ್ ಮಾತ್ರೆ ಅಷ್ಟೇ, ಇನ್ಸುಲಿನ್ ಇಲ್ಲ. ಈ ಹೋಲಿಕೆಯನ್ನು ಆ ಲೆಕ್ಕದಲ್ಲೇ ಓದಿ.

ಮೂರು ತಿಂಗಳ ಟೆಸ್ಟ್, ಅಂದರೆ ಎಚ್‌ಬಿಎ1ಸಿ, ಎಲ್ಲರಿಗೂ ಗೊತ್ತು. ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ. ಅವಕ್ಕೆ ಎಷ್ಟು ಸಕ್ಕರೆ ಅಂಟಿದೆ ಎಂದು ಇದು ಹೇಳುತ್ತದೆ. ಹಿಂದಿನ ದಿನ ಮಾತ್ರ ಪಥ್ಯ ಮಾಡಿ ಡಾಕ್ಟರ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ. ಶೇ. 7 ಬಂದರೆ ಸರಾಸರಿ ಶುಗರ್ 154ರ ಹತ್ತಿರ. ಆದರೆ ಅದು ದಿನವಿಡೀ 150ರ ಆಸುಪಾಸಿನಲ್ಲೇ ಇತ್ತಾ, ಊಟವಾದ ಮೇಲೆ 250ಕ್ಕೆ ಏರಿ ಇಳಿಯುತ್ತಿತ್ತಾ? ಅದು ಗೊತ್ತಾಗುವುದಿಲ್ಲ. ರಕ್ತ ಕಡಿಮೆ ಇರುವವರಲ್ಲಿ ಈ ಅಂಕಿಯೇ ತಪ್ಪಬಹುದು, ಡಾಕ್ಟರಿಗೆ ಮೊದಲೇ ಹೇಳಿ.

ಸೆನ್ಸರ್ ವಿಷಯ ಬೇರೆ. ತೋಳಿನ ಹಿಂಭಾಗಕ್ಕೆ ಅಂಟಿಸುವ ಬಿಲ್ಲೆ ಇದು. ನಾನು ಹಾಕಿಸಿಕೊಂಡಿದ್ದು 14 ದಿನ ಬರುವಂಥದ್ದು. ಶುಗರ್ ಏರಿಳಿತದ ಗ್ರಾಫ್ ಮೊಬೈಲಿನಲ್ಲೇ ಕಾಣುತ್ತದೆ. ಬೆಳಗಿನ ಖಾಲಿ ಹೊಟ್ಟೆ ಶುಗರ್ ಯಾಕೆ ಜಾಸ್ತಿ ಅನ್ನೋದು ನನಗೆ ತಿಳಿದಿದ್ದೇ ಇದರಿಂದ. ರಾತ್ರಿ ಎರಡು ಗಂಟೆಗೆ ಸುಮ್ನೆ ಮಲಗಿದ್ದ ಗೆರೆ, ಐದರ ಹೊತ್ತಿಗೆ ತಾನಾಗಿ ಮೇಲೇಳುತ್ತಿತ್ತು. ಬೆಳಗಿನ ಜಾವ ಕೆಲವು ಹಾರ್ಮೋನುಗಳು ಏರುತ್ತವೆ, ಲಿವರ್ ಸಕ್ಕರೆ ಬಿಡುತ್ತದೆ. ರಾತ್ರಿಯ ಚಪಾತಿಯನ್ನು ಬೈದು ಪ್ರಯೋಜನವಿಲ್ಲ!

ಇನ್ನೊಂದು ಆಶ್ಚರ್ಯ ರಾಗಿ ಮುದ್ದೆ. ಅದು ಶುಗರಿಗೆ ಔಷಧಿ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ದೊಡ್ಡ ಮುದ್ದೆಯನ್ನು ತಿಳಿ ಸಾರಲ್ಲಿ ನುಂಗಿದ ದಿನ ಗೆರೆ ಅನ್ನದಷ್ಟೇ ಏರಿತು. ನುಣ್ಣಗೆ ಬೀಸಿದ ಹಿಟ್ಟು ಬೆಂದ ಮೇಲೆ ಬೇಗ ಜೀರ್ಣವಾಗುತ್ತದೆ, ಅದಕ್ಕೇ ಹೀಗೆ. ಅರ್ಧ ಮುದ್ದೆ, ಜೊತೆಗೆ ಹುರುಳಿ ಬಸ್ಸಾರು, ಸೊಪ್ಪಿನ ಪಲ್ಯ ಇದ್ದಾಗ ಏರಿಕೆ ಕಡಿಮೆ. ಊಟವಾಗಿ ಸ್ವಲ್ಪ ನಡೆದರೆ ಇನ್ನೂ ಕಡಿಮೆ.

ಕೊರತೆಯೂ ಇದೆ. ಇದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಹಾಗಾಗಿ ಕೆಲವು ನಿಮಿಷ ಹಿಂದೆ ಇರುತ್ತದೆ. ಸೆನ್ಸರ್ ಇರುವ ಮಗ್ಗುಲಿಗೆ ಮಲಗಿ ಒತ್ತಿದರೆ ಸುಳ್ಳು ಲೋ (ಶುಗರ್ ತೀರಾ ಇಳಿದಂತೆ) ತೋರಿಸುತ್ತದೆ. ಅಂಥ ಹೊತ್ತಲ್ಲಿ ಬೆರಳು ಚುಚ್ಚಿಯೇ ನೋಡಬೇಕು. ಬೆಲೆಯಂತೂ ಸಾವಿರಗಳಲ್ಲಿ, ತಿಂಗಳಿಗೆ ಎರಡು ಬೇಕು.

ಇನ್ನು ಹಳೆಯ ಗ್ಲೂಕೋಮೀಟರ್. ಕೈಯನ್ನು ಸೋಪಿನಲ್ಲಿ ತೊಳೆದು ಒರೆಸಿ, ಬೆರಳ ತುದಿಯ ಪಕ್ಕದಲ್ಲಿ ಚುಚ್ಚಬೇಕು. ಮಾವಿನ ಹಣ್ಣು ಹೆಚ್ಚಿದ ಕೈಯಲ್ಲಿ ನೋಡಿದರೆ ಸುಳ್ಳು ಅಂಕಿ ಬರುತ್ತದೆ. ಈ ಮೆಷಿನ್‌ಗಳಿಗೆ ಶೇ. 15ರಷ್ಟು ಆಚೀಚೆಗೆ ಅವಕಾಶವಿದೆ. ಅಂದರೆ 140 ಮತ್ತು 150ರ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಆಸ್ಪತ್ರೆಯ ನರ್ಸ್ ಒಬ್ಬರು ಹೇಳಿಕೊಟ್ಟ ಮೇಲೆ ಈ ಮೆಷಿನ್ನಿನ ಉಪಯೋಗ ನನಗೆ ಗೊತ್ತಾಯಿತು. "ಬರೀ ಬೆಳಗ್ಗೆ ನೋಡಬೇಡಿ ಸರ್, ಜೋಡಿಯಾಗಿ ನೋಡಿ" ಅಂದರು. ಊಟಕ್ಕೆ ಮುಂಚೆ ಒಂದು, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು. ಎರಡನೆಯದು ಸಾಮಾನ್ಯವಾಗಿ 180ರ ಒಳಗಿರಬೇಕು. ಒಂದು ದಿನ ಇಡ್ಲಿ, ಇನ್ನೊಂದು ದಿನ ಜೋಳದ ರೊಟ್ಟಿ, ಮತ್ತೊಂದು ದಿನ ಅವಲಕ್ಕಿ. ಬರೆದಿಟ್ಟ ಪುಸ್ತಕ ಕೊಟ್ಟರೆ ಡಾಕ್ಟರೂ ಓದುತ್ತಾರೆ. ಬೇರೆ ಯಾರೂ ನನಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ.

ನನ್ನ ಆಯ್ಕೆ: ಗ್ಲೂಕೋಮೀಟರ್ ಮನೆಯಲ್ಲಿ ಇರಲೇಬೇಕು, ಎಚ್‌ಬಿಎ1ಸಿ ಡಾಕ್ಟರ್ ಹೇಳಿದಾಗೆಲ್ಲ. ಸೆನ್ಸರ್ ಒಮ್ಮೆ ಹಾಕಿಸಿ ಕಲಿತರೆ ಸಾಕು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಂಡು ಪದೇ ಪದೇ 70ರ ಕೆಳಗೆ ಹೋಗುವವರ ಮಾತು ಬೇರೆ. ಅಲಾರಂ ಇರುವ ಸೆನ್ಸರ್ ಅವರ ಪಾಲಿಗೆ ಐಷಾರಾಮವಲ್ಲ, ನಿದ್ದೆಯಲ್ಲಿ ಲೋ ಆದರೂ ಎಬ್ಬಿಸುತ್ತದೆ. ಉಳಿದವರು ಆ ದುಡ್ಡನ್ನು ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ, ಮೂತ್ರದ ಆಲ್ಬುಮಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ಪ್ರೋಟೀನ್), ಪಾದದ ಪರೀಕ್ಷೆಗೆ ಇಟ್ಟುಕೊಳ್ಳಿ. ಮೆಷಿನ್, ಸೆನ್ಸರ್, ಎಚ್‌ಬಿಎ1ಸಿ ಯಾವುದೂ ಇವನ್ನು ನೋಡುವುದಿಲ್ಲ.