ಜೈಸಲ್ಮೇರ್ ಅಧ್ಯಯನ ಪ್ರವಾಸ: ಒಂಟೆಗೆ ಐದು ಅಂಕ

ಜನವರಿಯಲ್ಲಿ ಶಿರಸಿ, ಸಿದ್ದಾಪುರ ಕಡೆಯ ಹದಿನಾಲ್ಕು ಮಂದಿ ಅಡಿಕೆ ಬೆಳೆಗಾರರು ಹೋಗಿಬಂದ ಪ್ರವಾಸ ಇದು. ಏರ್ಪಡಿಸಿದವರ ಹೆಸರು ಬರೆಯುವುದಿಲ್ಲ. ಮುಂದಿನ ತಂಡದ ಹೊತ್ತಿಗಾದರೂ ತಿದ್ದಿಕೊಂಡಾರು. ‘ಬದಲಾಗುವ ಹವಾಮಾನ, ಮರುಭೂಮಿಯ ಜನರ ಜಾಣ್ಮೆ’ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ತೋಟಕ್ಕೆ ಕೊಳೆ ರೋಗ, ಎಲೆಚುಕ್ಕಿ ಎರಡೂ ಬಿದ್ದು ಕಂಗೆಟ್ಟಿದ್ದ ನಾನು ಆ ‘ಜನರ ಜಾಣ್ಮೆ’ಯ ಆಸೆಗೆ ಹಣ ಕಟ್ಟಿದೆ. ಯಜಮಾನರು ಅಡಿಕೆ ಕೊನೆ ಕೊಯ್ಯುವ ಕೊನೆಗೌಡನನ್ನು ಹುಡುಕುವ ನೆಪ ಹೇಳಿ ಮನೆಯಲ್ಲೇ ಉಳಿದರು.

ಕೋಣೆ ಚೊಕ್ಕಟ, ಬಸ್ಸು ಸಮಯಕ್ಕೆ ಸರಿಯಾಗಿ ಬರುತ್ತಿತ್ತು. ಅದರಲ್ಲಿ ತಕರಾರಿಲ್ಲ.

ತಕರಾರು ಶುರುವಾದದ್ದು ಕುಲಧರಾದಲ್ಲಿ. ಆ ಪಾಳು ಊರಿನಲ್ಲಿ ಮಾರ್ಗದರ್ಶಿ ಮುಕ್ಕಾಲು ಗಂಟೆ ದೆವ್ವದ ಕಥೆ ಹೇಳಿದ. ಊರು ಬಿಟ್ಟುಹೋದ ಪಾಲಿವಾಲ ಬ್ರಾಹ್ಮಣರೇ ಈ ಸೀಮೆಯಲ್ಲಿ ‘ಖಡೀನ್’ ಎಂಬ ಮಳೆನೀರು ತಡೆಯುವ ಏರಿ ಕಟ್ಟಿ ಬೇಸಾಯ ಮಾಡಿದವರು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಅದನ್ನು ಹೇಳಿದವನು ನಮ್ಮ ಬಸ್ಸಿನ ಚಾಲಕ. ಅಲ್ಲಿಯವನೇ. ‘ಬಾಯಿಸಾ, ನೋಡಬೇಕೇ?’ ಎಂದು ಕೇಳಿ, ವೇಳಾಪಟ್ಟಿಯಲ್ಲಿಲ್ಲದ ದಾರಿಗೆ ಬಸ್ಸು ತಿರುಗಿಸಿದ.

ಕಲ್ಲುನೆಲದ ಇಳಿಜಾರು, ಅದರ ಬುಡಕ್ಕೆ ಅಡ್ಡಲಾಗಿ ಮಣ್ಣಿನ ಏರಿ. ಮಳೆಯಲ್ಲಿ ಹರಿದು ಬಂದ ನೀರು ಏರಿಯ ಹಿಂದೆ ನಿಂತು ಇಂಗುತ್ತದೆ, ಹೆಚ್ಚಾದದ್ದು ಕೋಡಿ ಹರಿಯುತ್ತದೆ. ನೀರಿಳಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ವರ್ಷವಿಡೀ ಸೇರಿದರೂ ಸರಾಸರಿ 200 ಮಿಲಿಮೀಟರ್ ಆಸುಪಾಸಿನ ಮಳೆ ಅಲ್ಲಿಯದು. ಶಿರಸಿಯಲ್ಲಿ ಆಷಾಢದ ಒಂದೆರಡು ದಿನಕ್ಕೇ ಅಷ್ಟು ಸುರಿದದ್ದುಂಟು. ಅಂಥ ನೆಲದಲ್ಲಿ ಮೊಣಕಾಲೆತ್ತರದ ಹಸಿರು ಗೋಧಿಯ ನಡುವೆ ನಿಂತು ನನಗೆ ಮಾತೇ ಹೊರಡಲಿಲ್ಲ. ಕುರಿ ಕಾಯುತ್ತಿದ್ದ ಅಜ್ಜನೊಬ್ಬ ಹತ್ತಿರ ಬಂದ. ಏರಿ ಒಡೆದರೆ ಕಟ್ಟಬಹುದು, ಮೇಲಿನ ಇಳಿಜಾರಿಗೆ ಯಾರಾದರೂ ಅಡ್ಡರಸ್ತೆ ಹಾಕಿದರೆ ನೀರು ಬೇರೆ ದಾರಿ ಹಿಡಿಯುತ್ತದೆ, ಅದನ್ನು ಕಾಯುವುದೇ ದೊಡ್ಡ ಕೆಲಸ ಎಂದ. ಅಜ್ಜನ ಮಾತನ್ನು ಚಾಲಕ ಹಿಂದಿಯಲ್ಲಿ ಹೇಳಿದ, ನಾನು ಉಳಿದವರಿಗೆ ಕನ್ನಡದಲ್ಲಿ ಹೇಳಿದೆ.

ಮರುದಿನ ಹೋಟೆಲಿನ ಸಭಾಂಗಣದಲ್ಲಿ ‘ಹವಾಮಾನ ಯೋಜನೆಯಲ್ಲಿ ಸಮುದಾಯದ ಸಹಭಾಗಿತ್ವ’ ಎಂಬ ಉಪನ್ಯಾಸ. ಪರದೆಯ ಮೇಲೆ ಎರಡು ತಾಸು ಚಿತ್ರಗಳು. ಸಮುದಾಯದವನೆಂದು ಇದ್ದ ಒಬ್ಬನೇ ಒಬ್ಬ ಹೊರಗೆ ಬಸ್ಸು ಒರೆಸುತ್ತಿದ್ದ. ನಮ್ಮ ಮಹಿಳಾ ಸಂಘದ ಅಕ್ಕ ಎದ್ದುಹೋಗಿ ಅವನನ್ನು ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ನಿಜವಾದ ಪಾಠ ಶುರುವಾದದ್ದು ಆಗ.

ಮರಳಿನ ಕೆಳಗೆ ಜಿಪ್ಸಂ ಪದರವಿರುವ ಕಡೆ ಮಳೆನೀರು ಉಪ್ಪುನೀರಿನ ಆಳಕ್ಕೆ ಇಳಿಯದೆ ಮೇಲೆಯೇ ತೇವವಾಗಿ ನಿಲ್ಲುತ್ತದೆ. ‘ಕುಂಯಿ’ ಎಂಬ ಕಿರುಬಾವಿಯಲ್ಲಿ ಅದು ಹನಿಹನಿಯಾಗಿ ಒಸರುತ್ತದೆ, ಅದೇ ಕುಡಿಯುವ ನೀರು. 2006ರ ಆಗಸ್ಟ್‌ನಲ್ಲಿ ಬಾಡಮೇರ್ ಜಿಲ್ಲೆಯಲ್ಲಿ ಎಂದೂ ಕಾಣದ ಮಳೆ ಬಿದ್ದಾಗ ಕವಾಸ್ ಊರು ಮುಳುಗಿತು. ನೀರು ಇಂಗಲು ಜಿಪ್ಸಂ ಬಿಡದೆ ತಿಂಗಳುಗಟ್ಟಲೆ ನಿಂತಿತು. ಬಾವಿ ತೋಡುವವನಿಗೆ ಗೊತ್ತಿರುವ ಪದರ ಮನೆ ಕಟ್ಟಿಸುವವರ ನಕ್ಷೆಯಲ್ಲಿ ಇರುವುದಿಲ್ಲ ಎಂದು ಚಾಲಕ ಹೇಳಿದಾಗ ನಮಗೆ ನೆನಪಾದದ್ದು ಶೇಡಿ ಮಣ್ಣು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ ಊರಿನ ಗುಡ್ಡ ಕುಸಿಯಿತು. ಜಂಬಿಟ್ಟಿಗೆಯ ಅಡಿಯ ಶೇಡಿ ನೀರು ಕುಡಿದರೆ ಜಾರುತ್ತದೆಂದು ನಮ್ಮಲ್ಲಿ ಬಾವಿ ತೋಡುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಒರಾಣ್ ನೋಡಲು ಕೊಟ್ಟದ್ದು ಇಪ್ಪತ್ತೇ ನಿಮಿಷ. ಕಡಿಮೆಯಾಯಿತು. ಅದು ಅವರ ದೇವರಕಾಡು, ಕೊಂಬೆ ಮುರಿಯುವಂತಿಲ್ಲ, ದನಕರು ಮೇಯಬಹುದು. ಇಂಥ ಎಷ್ಟೋ ಒರಾಣ್‌ಗಳು ಕಂದಾಯದ ಕಾಗದದಲ್ಲಿ ಬಂಜರು. ಹಾಗಾಗಿ ಸೌರ ವಿದ್ಯುತ್ ಘಟಕಕ್ಕೂ ತಂತಿಸಾಲಿಗೂ ಜಾಗ ಹುಡುಕುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಹವಾಮಾನ ಉಳಿಸುವ ಹೆಸರಿನಲ್ಲಿಯೇ ಮೇವು ಹೋಗುತ್ತದೆ! ನಮ್ಮ ಸೊಪ್ಪಿನ ಬೆಟ್ಟವನ್ನು ಯಾರಾದರೂ ಬಂಜರೆಂದು ಬರೆದಿದ್ದರೆ ತೋಟಕ್ಕೆ ಸೊಪ್ಪು, ಒಣ ಎಲೆಯ ದರಕು ಎಲ್ಲಿಂದ ತರುತ್ತಿದ್ದೆವು?

ಊಟದಲ್ಲಿ ಹೋಟೆಲಿನ ಪನೀರ್ ಮರೆತುಬಿಡಿ. ಚಾಲಕನ ಮನೆಯಲ್ಲಿ ಬಡಿಸಿದ ಕೇರ್-ಸಾಂಗರಿ ಪಲ್ಯಕ್ಕಾಗಿ ಇನ್ನೊಮ್ಮೆ ಹೋಗಬಹುದು. ಸಾಂಗರಿ ಎಂದರೆ ಖೇಜಡಿ ಮರದ ಕಾಯಿ. ಖೇಜಡಿ ಎಂದರೆ ನಾವು ದಸರೆಗೆ ಪೂಜಿಸುವ ಬನ್ನಿ. ಮಳೆ ಕೈಕೊಟ್ಟ ವರ್ಷವೂ ಅದು ಕಾಯಿ ಬಿಡುತ್ತದೆ, ಒಣಗಿಸಿಡುತ್ತೇವೆ ಎಂದು ಅವನ ತಾಯಿ ಡಬ್ಬಿ ತೆರೆದು ತೋರಿಸಿದರು. ನನ್ನ ಚೀಲದಲ್ಲಿದ್ದ ಒಣ ಮುರುಗಲು ಸಿಪ್ಪೆ ಅವರ ಡಬ್ಬಿ ಸೇರಿತು.

ಹೋಗಬಹುದೇ ಎಂದು ಕೇಳಿದರೆ, ಹೋಗಿ. ಆದರೆ ಹಣ ಕಟ್ಟುವ ಮೊದಲೇ ದೆವ್ವ ಮತ್ತು ಉಪನ್ಯಾಸ ಬೇಡ, ಹಳ್ಳಿಯಲ್ಲಿ ಒಂದು ರಾತ್ರಿ ಬೇಕು ಎಂದು ಹಟ ಹಿಡಿಯಿರಿ.

ಕೊನೆಯ ದಿನ ಅಭಿಪ್ರಾಯದ ಹಾಳೆ ಕೊಟ್ಟರು. ಕೋಣೆ, ಊಟ, ಬಸ್ಸು, ಮಾರ್ಗದರ್ಶಿ, ಒಂಟೆ ಸವಾರಿ: ಐದು ಸಾಲು, ಬೇರೆ ಮಾತಿಗೆ ಜಾಗವಿಲ್ಲ. ಒಂಟೆಗೆ ಐದಕ್ಕೆ ಐದು ಕೊಟ್ಟು, ಚಾಲಕನ ಹೆಸರನ್ನು ಅದರ ಪಕ್ಕದ ಅಂಚಿನಲ್ಲಿ ಬರೆದು ಬಂದೆ.